ಮೆಗಾಬ್ಲಾಕ್ ಭಾನುವಾರ

"ಸಾಹೇಬ್ರ, ಇವತ್ಯಾಕ ಬಂದ್ರಿ? ಮೆಗಾಬ್ಲಾಕ್ ಐತಿ, ಈ ಹಳಿ ಮ್ಯಾಲ ಗಾಡಿನ ಓಡಂಗಿಲ್ಲ."

ಮುಂಬೈಯ ಕುರ್ಲಾದಲ್ಲಿ ರೈಲು ಹಳಿಗೆ ಅಂಟಿಕೊಂಡ ಚಾಳಿನ ಒಂದೇ ಕೋಣೆಯ ಮನೆಯೊಂದರಲ್ಲಿ ಸದ್ದು, ಕಂಪನ ಅಳೆಯುವ ಯಂತ್ರ ಹೂಡುತ್ತಿದ್ದ ನನ್ನನ್ನು ಕೇಳಿದವರು ಆ ಮನೆಯ ಶಾಂತವ್ವ. ವಿಜಯಪುರದ ಕಡೆಯವರು, ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಚಹಾಕ್ಕೆ ಇಟ್ಟಿದ್ದರು. ಚಾಳು ಕೆಡವಿ ಅಲ್ಲೇ ಕಟ್ಟುವ ಬಿಲ್ಡಿಂಗಿನ ಅನುಮತಿಗೆ ನನ್ನ ವರದಿ ಬೇಕಿತ್ತು. ಶಾಂತವ್ವನ ಹೊಸ ಮನೆಯೂ ಅದರಲ್ಲೇ. ರೈಲಿನ ಅಬ್ಬರ ವರದಿಯಲ್ಲಿ ಕಂಡರೆ ತಳಪಾಯ, ಕಿಟಕಿಗಳ ಖರ್ಚು ಏರುತ್ತದೆಂದು ಬಿಲ್ಡರ್ ಮೊದಲೇ ಸೂಚಿಸಿದ್ದ. ದುರಸ್ತಿಗೆಂದು ರೈಲು ನಿಲ್ಲಿಸುವ ಭಾನುವಾರವನ್ನು ಬೇಕೆಂದೇ ಆರಿಸಿದವನು ನಾನು.

ಅವರು ಮಾತ್ರ ನನಗೆ ಗೊತ್ತಿಲ್ಲವೆಂದುಕೊಂಡು ಮರುಗಿದರು. ರೈಲು ಹೋದಾಗ ಬೀಳದಂತೆ ಹಳೇ ಸೀರೆಯಲ್ಲಿ ಬಿಗಿದಿಟ್ಟ ಪಾತ್ರೆಗಳನ್ನು ತೋರಿಸಿ, "ನಾಳೆ ಬರ್ರಿ, ಖರೇ ಸಪ್ಪಳ ಸಿಗತೈತಿ. ನಾ ಬಾಗಲಾ ತಗದ ಇಟ್ಟಿರ್ತೀನಿ" ಎಂದರು. "ಆಯ್ತವ್ವಾ" ಎಂದು ಚಹಾ ಕುಡಿದು ಬಂದೆ.

ಸೋಮವಾರ ನಾನು ಹೋಗಲಿಲ್ಲ. ಭಾನುವಾರದ ಅಂಕಿಗಳಿಗೇ ಸಹಿ ಹಾಕಿದೆ. ಈಗಲೂ ನನ್ನ ಲೋಕಲ್ ರೈಲು ಆ ಚಾಳನ್ನು ದಾಟುವಾಗ ನಾನು ಆ ಕಡೆಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಶಾಂತವ್ವನ ಬಾಗಿಲು ಇನ್ನೂ ತೆರೆದೇ ಇದ್ದರೆ?