ಟ್ಯಾಂಕರ್ ಯಾರ ಮೇಲೆ?

ಮಲ್ಕಾಜ್‌ಗಿರಿಯಲ್ಲಿ ನಾವು ಹಿಡಿದ ಮನೆಗೆ ಎರಡು ಬಾಡಿಗೆಗಳಿದ್ದವು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ತರಿಸುವ ಟ್ಯಾಂಕರ್ ನೀರಿನ ಖರ್ಚು ನಮ್ಮ ಮೇಲಿದ್ದರೆ ಬಾಡಿಗೆ ಕಡಿಮೆ, ಮಾಲೀಕರ ಮೇಲಿದ್ದರೆ ಹೆಚ್ಚು. ಮಾಲೀಕರು ರೈಲ್ವೆಯಿಂದ ನಿವೃತ್ತರಾದ ರಾಯಚೂರಿನವರು. "ಕಡಿಮೀದ ತಗೋರಿ, ನಿಮಗ ಚಲೋ ಆಗ್ತೈತಿ," ಎಂದು ಒಂದೇ ಸಮನೆ ಒತ್ತಾಯಿಸಿದರು.

ನಮ್ಮ ಮನೆಯವರಿಗೆ ಅಷ್ಟೇ ಸಾಕಾಯಿತು. "ಬೋರ್ ಬತ್ತೂದು ಈ ಮನಷ್ಯಾಗ ಗೊತ್ತೈತಿ. ಅದಕ್ಕ ನಮ್ಮ ಕೊಳ್ಳಿಗೆ ಕಟ್ಟಾಕತ್ತಾನ," ಎಂದು ಹೆಚ್ಚಿನ ಬಾಡಿಗೆಗೇ ಕರಾರು ಮಾಡಿಸಿದರು. ಒಂದು ಮಾತು ಕೇಳಿ ನೋಡೋಣ ಎಂದರೆ, "ಕೇಳಿದ್ರ ಖರೇ ಹೇಳ್ತಾನೇನು?" ಎಂದು ನನ್ನ ಮೇಲೆಯೇ ರೇಗಿದರು. ನನಗೂ ಸಿಟ್ಟು ಬಂತು.

ಬೇಸಿಗೆ ಬಂತು. ದಿನಾ ಬೆಳಗ್ಗೆ ಮಾಲೀಕರು ನಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದರು. "ನೀರು ಬರಾಕತ್ತೈತೇನ್ರೀ ಅಕ್ಕಾರ?" ಬರುತ್ತಿದೆ ಎಂದರೆ ಅವರ ಮುಖ ಸಡಿಲಾಗುತ್ತಿತ್ತು. ಒಂದು ದಿನ ತಡೆಯಲಾರದೆ, ನಿಮ್ಮ ಬೋರಿನ ವಿಷಯ ನಿಮಗೇ ಗೊತ್ತಿಲ್ಲವೇ ಎಂದು ಕೇಳಿಯೇಬಿಟ್ಟೆ.

"ಎಲ್ಲಿ ಗೊತ್ತರಿ? ನೀವು ಬರೂಕಿಂತ ತುಸು ಮೊದ್ಲ ಈ ಮನಿ ತಗೊಂಡೀನಿ. ನನಗೂ ಇದ ಮೊದಲ್ನೇ ಬ್ಯಾಸಗಿ. ಅಂಜಿಕಿಗೆ ನಿದ್ದಿ ಹತ್ತವಲ್ದು."

ಬೋರ್ ಬತ್ತಲಿಲ್ಲ. ಮರುವರ್ಷ ಕರಾರು ಹೊಸದು ಮಾಡುವಾಗ ನಾನೇ ಮುಂದೆ ಕೂತು, ಟ್ಯಾಂಕರ್ ನಮ್ಮ ಮೇಲಿರಲಿ, ಬಾಡಿಗೆ ಇಳಿಸಿ ಎಂದೆ. ಮಾಲೀಕರು ಆರಾಮಾಗಿ ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು.

"ಬ್ಯಾಡ್ರಿ ಅಕ್ಕಾರ. ನಿಮಗ್ಯಾಕ ಆ ಚಿಂತಿ? ಟ್ಯಾಂಕರ್ ನನ್ನ ಮ್ಯಾಲೇ ಇರ್ಲಿ."