ಮದುವೆಗೆಂದು ಇಟ್ಟ ಸೌದೆ

ತಿಪಟೂರಿನ ಹೊರಗೆ ಮರ ಕೊಯ್ಯುವ ಮಿಲ್ಲಿನ ಮುಂದೆ ಬಸ್ಸು ನಿಂತಾಗ, ಒಣಗಿದ ಹುಣಸೆ ಸೌದೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರ ಹಿಂದೆಯೇ ದೊಡ್ಡಮ್ಮ ನೆನಪಾಗಿ ಬಂದಳು, ಅಪ್ಪನ ಅಣ್ಣನ ಹೆಂಡತಿ. ಹುಳಿಯಾರು ರಸ್ತೆಯ ನಮ್ಮ ತುಂಬಿದ ಮನೆಯಲ್ಲಿ ದಿನದ ಒಲೆಗೆ ತೆಂಗಿನ ತೋಟದ ಗರಿ, ಮಟ್ಟೆ, ಚಿಪ್ಪುಗಳೇ ಸಾಕಾಗುತ್ತಿದ್ದವು. ಆದರೆ ಅವು ಭಗ್ಗನೆ ಹತ್ತಿ ಅಷ್ಟೇ ಬೇಗ ಆರುವಂಥವು. ಬಾಣಂತಿಯ ನೀರಿಗೆ ಕೆಂಡ ನಿಲ್ಲುವ ಸೌದೆಯೇ ಬೇಕು. ಅದನ್ನು ಕೊಳ್ಳುವ ಕೆಲಸ ದೊಡ್ಡಮ್ಮನದು, ಏಕೆಂದರೆ ಅವಳು ಯಾರನ್ನೂ ನಂಬುತ್ತಿರಲಿಲ್ಲ. ಗಾಡಿಯ ಮೇಲೆ ಒಣಗಿದ್ದು, ಅಡಿಯಲ್ಲಿ ಹಸಿಯದು ಎಂದೇ ಅವಳ ಲೆಕ್ಕ. ಅಡಿಯಿಂದ ಎರಡು ಸೀಳು ಎಳೆಸಿ, ಒಂದಕ್ಕೊಂದು ಬಡಿದು, ಠಣ್ಣೆಂದರೆ ಮಾತ್ರ ಮುಂದಿನ ಮಾತು. ಹಾಲಿನವನ ಹಾಲು, ನೆಂಟರ ನಗು, ಶಾಲೆಗೆ ಹೋಗುವ ಹೊತ್ತಿಗೆ ಬರುವ ನನ್ನ ಹೊಟ್ಟೆನೋವು, ಎಲ್ಲದರ ಮೇಲೂ ಅವಳಿಗೆ ಅನುಮಾನ.

ಅವಳ ಮಗಳು ಗಿರಿಜಕ್ಕ ಹೆರಿಗೆಗೆ ಬಂದಿದ್ದ ವರ್ಷ ಮಳೆ ಹಿಡಿದುಕೊಂಡಿತ್ತು. ಆಗ ಕೆಂಕೆರೆ ಕಡೆಯ ಸಿದ್ದಣ್ಣ ಎಂಬಾತ ಒಂದು ಗಾಡಿ ಹುಣಸೆ ಸೌದೆ ತಂದ. ಅಡಿಯದೂ ಠಣ್ಣೆಂದಿತು. ದೊಡ್ಡಮ್ಮನ ಮುಖ ಇನ್ನಷ್ಟು ಗಂಟಾಯಿತು.

"ಈ ಮಳೇಲಿ ಇಂಥ ಸೌದೆ ಯಾರಪ್ಪ ಮಾರ್ತಾರೆ? ಎಲ್ಲಿಂದ ಎತ್ಕಂಡ್ ಬಂದೆ?"

ಆತ ಎತ್ತಿನ ಕೊರಳು ಸವರುತ್ತಾ ನಿಂತ. "ಮಗಳ ಮದ್ವೆ ಅಡುಗೆಗೆ ಅಂತ ಸೀಳ್ಸಿ ಇಟ್ಟಿದ್ದೆ ಕಣಮ್ಮ. ಗಂಡಿನೋರು ಒಲ್ಲೆ ಅಂದ್ರು. ಮಗಳು ದಿನಾ ಅದನ್ನೇ ನೋಡ್ಕಂಡು ಕುಂತಿರ್ತಾಳೆ."

ದೊಡ್ಡಮ್ಮ ನಂಬಲಿಲ್ಲ. ಸೌದೆಯನ್ನು ಜಗಲಿಯ ಪಕ್ಕ ಇಳಿಸಿಕೊಂಡಳೇ ಹೊರತು ಒಲೆಗೆ ಹಾಕಗೊಡಲಿಲ್ಲ. ಕದ್ದ ಮಾಲಿನಲ್ಲಿ ಕಾಸಿದ ನೀರು ಹುಟ್ಟುವ ಕೂಸಿಗೆ ಬೇಡವೆಂದಳು. ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು.

ಸಿದ್ದಣ್ಣನ ಮನೆಯ ಗೋಡೆಗೆ ಮದುವೆಗೆಂದು ಸುಣ್ಣ ಬಳಿದಿದ್ದರು. ಬಳಿಯುವಾಗ ಸೌದೆ ಒಟ್ಟಿದ್ದ ಕಡೆ ಮಾತ್ರ ಎದೆಯುದ್ದಕ್ಕೆ ಮಣ್ಣಿನ ಗೋಡೆ ಹಾಗೇ ಕಾಣುತ್ತಿತ್ತು. ಅವನ ಮಗಳು ಹೊರಗೆ ಬಂದು, ನಾವು ಯಾರೆಂದು ತಿಳಿದ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಲೋಟ ಹಿಂದಕ್ಕೆ ತೆಗೆದುಕೊಳ್ಳುವಾಗ ಮೆಲ್ಲಗೆ ಕೇಳಿದಳು:

"ಸೌದೆ ಚೆನ್ನಾಗಿ ಉರೀತಾ ಅಮ್ಮ? ನಾನೇ ಒಟ್ಟಿದ್ದು."

"ಚೆನ್ನಾಗಿ ಉರೀತು ಕಣವ್ವ," ಅಂದಳು ದೊಡ್ಡಮ್ಮ, ಇನ್ನೂ ಒಂದು ಸೀಳನ್ನೂ ಹಚ್ಚದವಳು. ಅವಳ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು. ವಾಪಸು ಬಂದವಳೇ ಜಗಲಿಯ ಪಕ್ಕದ ಸೌದೆಯನ್ನು ಬಚ್ಚಲೊಲೆಯ ಹತ್ತಿರ ಒಟ್ಟಿಸಿದಳು.

ಆ ಸೌದೆಯಲ್ಲೇ ಗಿರಿಜಕ್ಕನ ಬಾಣಂತನ ಮುಗಿಯಿತು. ಮುಂದಿನ ಬೇಸಿಗೆಯಲ್ಲಿ ಆ ಹುಡುಗಿಗೆ ನೊಣವಿನಕೆರೆಯ ಕಡೆಯಿಂದ ಗಂಡು ಬಂದಿದೆಯೆಂದು ಸಿದ್ದಣ್ಣ ಹೇಳಿಹೋದ. ದೊಡ್ಡಮ್ಮನಿಗೆ ಮತ್ತೆ ಅನುಮಾನ. ಯಾರೂ ಹೇಳದೆ, ಕೇಳದೆ, ತಾನೇ ಗಂಡಿನ ಊರಿಗೆ ಹೋದಳು. ಬಾವಿಕಟ್ಟೆಯಲ್ಲಿ, ಅಂಗಡಿ ಮುಂದೆ, ಕೊನೆಗೆ ಅವರ ಹಿತ್ತಿಲಿನಲ್ಲೇ ಕೂತು ವಿಚಾರಿಸಿದಳಂತೆ. ಸಂಜೆ ಬಂದವಳು ಕಾಲಿಗೆ ನೀರು ಹಾಕಿಕೊಳ್ಳುತ್ತಾ, "ಜನ ಪರವಾಗಿಲ್ಲ ಬುಡು," ಅಂದಳು. ಅವಳಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿರಲಿಲ್ಲ. ಮದುವೆ ನಡೆಯಿತು, ಹುಡುಗಿ ಚೆನ್ನಾಗಿ ಬಾಳಿದಳು.

ದೊಡ್ಡಮ್ಮ ತೀರಿಹೋದಳು, ಆ ಮನೆಯೂ ಪಾಲಾಗಿ ಗೋಡೆಗಳೆದ್ದವು. ಈಗ ಎಲ್ಲರೂ ಎಲ್ಲವನ್ನೂ ನಂಬುತ್ತೇವೆ, ಸುಲಭವಾಗಿ, ಫೋನಿನಲ್ಲೇ. ನಮಗಾಗಿ ಬಸ್ಸು ಹತ್ತಿ ಹೋಗಿ ಅನುಮಾನಪಡುವವರು ಮಾತ್ರ ಯಾರೂ ಉಳಿದಿಲ್ಲ.