ಅಕ್ಕ ಹಿಡಿದ ಸೋರಿಕೆ

ಆ ಭಾಗವನ್ನೇ ಕಿತ್ತುಹಾಕುತ್ತೇನೆ ಎಂದು ಅವನು ಬರೆದದ್ದು ಒಂದು ಮಂಗಳವಾರ. ಮಂಗಳವಾರವೇ ಎಂದು ಹೇಗೆ ಗೊತ್ತು? ಗೊತ್ತಿಲ್ಲ. ಸಿಟ್ಟಿಗೊಂದು ದಿನ ಬೇಕಾಯಿತು, ಬರೆದುಬಿಟ್ಟೆ.

ಅವನು ಎಂದರೆ ಕಂಪ್ಯೂಟರಿನಲ್ಲಿ ಹಾಡು ಕೇಳುವ ಒಂದು ಪ್ಲೇಯರಿನ ಉಸ್ತುವಾರಿ. ಯಾವ ದೇಶದವನೋ. ಅದು ಓಪನ್ ಸೋರ್ಸ್ ಪ್ರೋಗ್ರಾಂ. ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಒಪ್ಪುವುದು ಬಿಡುವುದು ಮಾತ್ರ ಅವನ ಕೈಯಲ್ಲಿ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಹಾಡುಗಳ ಹೆಸರು ದಾಟಿಸುವ ಭಾಗವೊಂದು ಅದರಲ್ಲಿತ್ತು. ಅಲ್ಲಿ ಮೆಮೊರಿ ಸೋರುತ್ತಿದೆ, ಬಳಸುವವರೂ ಯಾರೂ ಇಲ್ಲ, ಎರಡು ವಾರದಲ್ಲಿ ಬರುವ ಹೊಸ ಆವೃತ್ತಿಯಲ್ಲಿ ಅದು ಇರುವುದಿಲ್ಲ ಎಂದು ಬರೆದಿದ್ದ.

ಬಳಸುವವರು ಯಾರೂ ಇಲ್ಲ! ಬಳಸುವವಳು ಆದೋನಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದಳು. ನನ್ನ ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹುಡುಗಿಯರಿಗೆ ಹಾರ್ಮೋನಿಯಂ ಕಲಿಸುತ್ತಾಳೆ. ಕೌತಾಳಂ ಕಡೆಯ ಭಜನೆಯವರು ಹಾಡಿದ ತತ್ವಪದಗಳ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾಳೆ, ಬೇಕಾದ ಪದವನ್ನು ತಾನೇ ಹುಡುಕಿ ಹಚ್ಚುತ್ತಾಳೆ. ಆ ಭಾಗ ಹೋದರೆ ಒಂದೊಂದು ಪದಕ್ಕೂ ಯಾರನ್ನಾದರೂ ಕೂಗಿ ಕರೆಯಬೇಕು.

ಮೆಮೊರಿ ಸೋರುವುದೆಂದರೆ, ಪ್ರೋಗ್ರಾಂ ಕೆಲಸಕ್ಕೆಂದು ಪಡೆದ ಜಾಗವನ್ನು ಕೆಲಸ ಮುಗಿದ ಮೇಲೂ ಬಿಡದಿರುವುದು. ಹಿಡಿದಿಟ್ಟುಕೊಂಡದ್ದು ಹೆಚ್ಚುತ್ತ ಹೋಗಿ ಸಾಯಂಕಾಲದ ಹೊತ್ತಿಗೆ ಯಂತ್ರ ತೆವಳತೊಡಗುತ್ತದೆ. ಇದನ್ನು ಹೇಳಿದಾಗ ಕೆಲವರು, ಮನುಷ್ಯನ ನೆನಪೂ ಹಾಗೇ ಅಲ್ಲವೇ ಎಂದು ನಿಟ್ಟುಸಿರು ಬಿಡುತ್ತಾರೆ. ಅಲ್ಲ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಸೋರಿಕೆಯನ್ನು ನಾನೇ ಹಿಡಿದು ತಿದ್ದಿ ಕಳಿಸಿದರೆ ಆ ಭಾಗ ಉಳಿಯುತ್ತದೆ ಎಂದುಕೊಂಡೆ. ಸೋರಿಕೆ ಪತ್ತೆ ಮಾಡುವ ಪ್ರೋಗ್ರಾಂ ಒಂದನ್ನು ಜೊತೆಗೆ ಹಚ್ಚಿ, ನನ್ನ ಲ್ಯಾಪ್‌ಟಾಪಿನಲ್ಲಿ ಪ್ಲೇಯರನ್ನು ಬೆಳಗಿನಿಂದ ಹಾಡಲು ಬಿಟ್ಟು ಹೋಗುತ್ತಿದ್ದೆ. ಬಂದು ನೋಡಿದರೆ ಸೋರಿಕೆ ಸೊನ್ನೆ. ಮರುದಿನವೂ ಸೊನ್ನೆ.

"ಎಲ್ಲಾ ಸರಿ ಐತಿ ಅಕ್ಕಾ."

"ಸರಿ ಐತಾ? ಮುಂಜಾನಿ ಪದ ಬದಲಿಸಾಕ ಬಟನ್ ಒತ್ತಿದ ಕೂಡ್ಲೆ ಹೆಸರು ಹೇಳ್ತೈತಿ. ಮಧ್ಯಾಹ್ನಕ್ಕ ತಾಳದಾಗ ಅರ್ಧ ಪೆಟ್ಟು ತಡ. ಮೂರು ಗಂಟೆಕ್ಕ ಎರಡು ಪೆಟ್ಟು. ನನ್ನ ಹುಡುಗೇರು ಹಿಂಗ ಎಳದ್ರ ಬೆರಳ ಮ್ಯಾಲ ಕೊಡ್ತಿದ್ದೆ."

"ಪೆಟ್ಟಿನ ಲೆಕ್ಕ ಅವ್ರಿಗೆ ಏನಂತ ಬರೀಲಿ? ಅವ್ರು ಗ್ರಾಫ್ ಕೇಳ್ತಾರ."

"ನಿನ್ನ ಗ್ರಾಫಿಗೆ ಕಿವಿ ಐತೇನು?"

ಆಗ ನಾನು, ನೀ ಒತ್ತಿ ಒತ್ತಿ ಕೀಬೋರ್ಡ್ ಕೆಡಿಸೀದಿ ಎಂದೆ. ತಮಾಷೆಗೆ ಹೇಳಿದೆ ಎಂದೇ ನನ್ನ ನೆನಪು. ಆದರೆ ಅದೇ ಸಂಜೆ ಬಜಾರಿಗೆ ಹೋಗಿ ಹೊಸ ಕೀಬೋರ್ಡ್ ತಂದಿದ್ದೇನೆ, ಅದು ಇನ್ನೂ ಮನೆಯಲ್ಲಿದೆ. ತಮಾಷೆ ಮಾಡಿದವನು ಕೀಬೋರ್ಡ್ ತರುವುದಿಲ್ಲ. ತಪ್ಪು ಅಕ್ಕನ ಕೈಯದೇ ಎಂದು ನಂಬಿದ್ದೆ. ಹೊಸದರಲ್ಲೂ ಮೂರು ಗಂಟೆಗೆ ಎರಡು ಪೆಟ್ಟು ತಡ. ಒಂದು ವಾರ ಹಾಗೆ ಹಾಳಾಯಿತು.

ಆಮೇಲೆ ಅಕ್ಕನಿಗೆ ಜ್ವರ ಬಂತು. ಬೆಳಿಗ್ಗೆ ನನ್ನಿಂದಲೇ ಪದಗಳನ್ನು ಹಚ್ಚಿಸಿಕೊಂಡು ಇಡೀ ದಿನ ಮಲಗಿಯೇ ಕೇಳಿದಳು. ಐದು ಗಂಟೆಗೆ ಎದ್ದು ಒಂದೇ ಸಲ ಬಟನ್ ಒತ್ತಿದಳು.

"ಲೇ ತಮ್ಮಾ, ಇಲ್ಲಿ ಬಾ. ಇವತ್ತು ತಡ ಇಲ್ಲ."

"ಇರ್ಲಿ ಬಿಡು, ಮಿಷನ್ನಿಗೂ ಒಂದೊಂದು ದಿನ ಬುದ್ಧಿ ಬರ್ತೈತಿ."

"ನಿನಗ ಯಾವತ್ತು ಬರ್ತೈತಿ? ಇವತ್ತು ನಾ ಪಟ್ಟಿ ತೆಗೀಲಿಲ್ಲಲೇ."

ಪಟ್ಟಿ ಎಂದರೆ ಹಾಡುಗಳ ಪಟ್ಟಿಯ ಕಿಟಕಿ. ನಾನು ಅದನ್ನು ಒಮ್ಮೆ ತೆರೆದರೆ ಮುಚ್ಚುವುದೇ ಇಲ್ಲ, ಕಣ್ಣು ಹಾಯಿಸಿದರೆ ಸಾಕು. ಅಕ್ಕ ಪ್ರತಿ ಪದಕ್ಕೂ ಮುಚ್ಚಿ ಮತ್ತೆ ತೆರೆಯುತ್ತಾಳೆ. ಹಾಗೆ ಮಾಡಿದರೆ ಮಾತ್ರ ಓದಿ ಹೇಳುವ ತಂತ್ರಾಂಶ ಪಟ್ಟಿಯನ್ನು ಮೊದಲಿನಿಂದ ಓದುತ್ತದೆ, ತಾನು ಎಲ್ಲಿದ್ದೇನೆಂದು ಆಕೆಗೆ ತಿಳಿಯುತ್ತದೆ. ಜ್ವರದಲ್ಲೇ ಕೂತು ಐವತ್ತು ಸಲ ತೆರೆದು ಮುಚ್ಚಿ, ಪದ ಬದಲಿಸುವ ಬಟನ್ ಒತ್ತಿದಳು. ಬಲಗೈ ಕೀಬೋರ್ಡಿನ ಮೇಲೆ, ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

"ಐವತ್ತಕ್ಕ ಒಂದು ಪೆಟ್ಟು," ಎಂದಳು. ಇನ್ನೂ ಐವತ್ತು ಸಲ ತೆರೆದು ಮುಚ್ಚಿ ಮತ್ತೆ ಬಟನ್ ಒತ್ತಿದಳು. "ಎರಡು. ಹೋಗು, ಈಗ ನಿನ್ನ ಕೋಡ್ ನೋಡು."

ನಾನು ಎದ್ದು ಓಡಿದೆ, ಐದೇ ನಿಮಿಷದಲ್ಲಿ ಸಿಕ್ಕಿತು. ಇಲ್ಲ. ಹೀಗೆ ಹೇಳಿಕೊಂಡು ತಿರುಗಿದ್ದೇನೆ, ಆದದ್ದು ಹೀಗಲ್ಲ. ಮರುದಿನ ಮಧ್ಯಾಹ್ನದವರೆಗೆ ಬೇರೆ ಕಾರಣ ಹುಡುಕುತ್ತ ಕೂತೆ. ಅಕ್ಕ ಹೇಳಿದ್ದು ನಿಜವಾಗುವುದು ನನಗೆ ಬೇಕಿರಲಿಲ್ಲ.

ನಿಜವೇ ಆಗಿತ್ತು. ಪಟ್ಟಿ ತೆರೆದಾಗಲೆಲ್ಲ ಅದು 'ಹಾಡು ಬದಲಾದರೆ ನನಗೆ ತಿಳಿಸು' ಎಂದು ಪ್ಲೇಯರಿಗೆ ಹೇಳಿಡುತ್ತಿತ್ತು. ಮುಚ್ಚುವಾಗ 'ಇನ್ನು ಬೇಡ' ಎನ್ನುತ್ತಿರಲಿಲ್ಲ. ನೂರು ಸಲ ತೆರೆದರೆ ಕಣ್ಣಿಗೆ ಕಾಣದ ನೂರು ಪಟ್ಟಿಗಳು ಒಳಗೆ ಉಳಿಯುತ್ತಿದ್ದವು; ಹಾಡು ಬದಲಾದಾಗ ನೂರೂ ತಮ್ಮ ಕೆಲಸ ಮುಗಿಸಿದ ಮೇಲೆಯೇ ಅಕ್ಕನಿಗೆ ಹೆಸರು ಕೇಳಿಸುತ್ತಿತ್ತು. ಪ್ಲೇಯರ್ ಅವುಗಳನ್ನು ಹಿಡಿದುಕೊಂಡೇ ಇದ್ದುದರಿಂದ ಪತ್ತೆ ಮಾಡುವ ಪ್ರೋಗ್ರಾಮಿನ ಲೆಕ್ಕದಲ್ಲಿ ಅದು ಸೋರಿಕೆಯೇ ಅಲ್ಲ. ನನ್ನಂತೆ ಪಟ್ಟಿಯನ್ನು ತೆರೆದೇ ಬಿಡುವವನಿಗೆ ನಿಧಾನವೂ ತಿಳಿಯುವುದಿಲ್ಲ.

ಓದಿ ಹೇಳುವ ಭಾಗಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಪಟ್ಟಿಯ ಕಿಟಕಿಯನ್ನು ಬರೆದವನು ಆ ಉಸ್ತುವಾರಿಯೇ. ತನ್ನ ತಪ್ಪನ್ನು ತನ್ನಲ್ಲೇ ಇಟ್ಟುಕೊಂಡು, ಅಕ್ಕನಿಗೆ ಬೇಕಾದ್ದನ್ನು ಕಿತ್ತುಹಾಕಲು ಹೊರಟಿದ್ದ. ಕಿತ್ತ ಮೇಲೂ ಸೋರುತ್ತಲೇ ಇರುತ್ತಿತ್ತು!

ತಿದ್ದಿದ್ದು ಒಂದೇ ಸಾಲು. ಆವೃತ್ತಿಗೆ ಮೂರು ದಿನವಿದ್ದಾಗ ಕಳಿಸಿದೆ. ಒಪ್ಪಿಕೊಂಡ. ಚೆನ್ನಾಗಿ ಹಿಡಿದೆ ಎಂದು ನನ್ನನ್ನು ಹೊಗಳಿದ. ಓದಿ ಹೇಳುವ ಭಾಗವನ್ನು ಸದ್ಯಕ್ಕೆ ತೆಗೆಯುವುದಿಲ್ಲ ಎಂದ. ನಾನು ಧನ್ಯವಾದ ಬರೆದೆ, ಅಕ್ಕನಿಗೆ ಹೇಳಲು ಹೋದೆ.

"ಸದ್ಯಕ್ಕ ಅಂದ್ನಾ?"

"ಹೂಂ."

"ನೀ ಏನಂದಿ?"

"ಥ್ಯಾಂಕ್ಸ್ ಅಂದೆ."

"ಯಾಕ? ನಮ್ಮ ಮನ್ಯಾಗ ನಮ್ಮನ್ನ ಇರಾಕ ಬಿಟ್ಟಿದ್ದಕ್ಕಾ? ಹಿಡದಾಕಿ ನಾನಂತ ಬರದಿ?"

ಬರೆದಿರಲಿಲ್ಲ. ಕುರ್ಚಿ ಎಳೆದು ಕೂತೆ. ಧನ್ಯವಾದವನ್ನು ಅಳಿಸಿ, ಈ ದೋಷ ಹಿಡಿದವಳು ನನ್ನ ಅಕ್ಕ, ಆಕೆಗೆ ಕಣ್ಣು ಕಾಣುವುದಿಲ್ಲ, ಆ ಭಾಗ ತೆಗೆಯುವ ಮಾತನ್ನು ಮತ್ತೆ ಎತ್ತುವ ಮುಂಚೆ ದಯವಿಟ್ಟು ಆಕೆಯನ್ನು ಕೇಳಿ ಎಂದು ಬರೆದು ಓದಿ ಹೇಳಿದೆ. ಅಕ್ಕ ಎರಡು ಸಲ ಓದಿಸಿದಳು. 'ದಯವಿಟ್ಟು' ತೆಗೆಸಿದಳು.